ನಾಲ್ಕನೇ ಪದರ

"ಕೈ ತೆಗೀರಿ! ಆ ಗೋಡೆ ಮೇಲಿಂದ ಮೊದಲು ಕೈ ತೆಗೀರಿ!"

ಮೇಲಿನಿಂದ ಬಂದ ಕೂಗಿಗೆ ಅವಳು ಎಷ್ಟು ಬೆಚ್ಚಿದಳೆಂದರೆ, ಕೈಯಲ್ಲಿದ್ದ ಸಣ್ಣ ಚಾಕು ಜಾರಿ ಹೊಂಡದ ತಳಕ್ಕೆ ಬಿತ್ತು.

ತಲೆಯೆತ್ತಿ ನೋಡಿದಳು. ಏಣಿಯಿಂದ ಒಬ್ಬ ದಡದಡನೆ ಇಳಿದು ಬರುತ್ತಿದ್ದ. ಮೊಣಕಾಲವರೆಗೆ ಕೆಸರು, ತಲೆಯ ತುಂಬ ಧೂಳು... ಮುಖದಲ್ಲಿ ಮಾತ್ರ ಕುದಿಯುವ ಸಿಟ್ಟು!

'ಹೋ... ಗೋಡೆ ಮಹಾರಾಯ ಅಂದ್ರೆ ಇವನೇ!'

"ಚಾಕು ಹಿಡ್ಕೊಂಡು ಏನ್ರೀ ಮಾಡ್ತಿದೀರಾ ಇಲ್ಲಿ? ಯಾರು ನಿಮ್ಮನ್ನ ಒಳಗೆ ಬಿಟ್ಟಿದ್ದು?"

"ನಿಮ್ಮ ನಿರ್ದೇಶಕರು." ಅವಳು ಬಗ್ಗಿ ಚಾಕು ಎತ್ತಿಕೊಂಡು, ಬೇಕೆಂತಲೇ ನಿಧಾನವಾಗಿ ಒರೆಸಿದಳು. "ಗಾರೆ ಪರೀಕ್ಷೆಗೆ ಬಂದಿದ್ದೀನಿ. ಪ್ರಯೋಗಾಲಯದಿಂದ."

ಅವನ ಕಾಲು ಅಲ್ಲೇ ನಿಂತಿತು.

"ನೀವಾ... ಮಣ್ಣಾಂಗಟ್ಟಿ ಮೇಡಂ?"

"ಏನಂದ್ರಿ?!"

ಅವನ ಕಣ್ಣು ಅವಳ ಕುತ್ತಿಗೆಯ ಮೇಲೆ ನೆಟ್ಟಿತ್ತು. ಅಲ್ಲಿ ಸುತ್ತಿಕೊಂಡಿದ್ದ ಹಸಿರು ಉಣ್ಣೆಯ ಮೇಲೆ.

"ಅದು... ಅದು ನನ್ನ ಮಫ್ಲರ್!"

ಅವಳ ಕೈ ತಟ್ಟನೆ ಕುತ್ತಿಗೆಗೆ ಹೋಯಿತು. ಅಯ್ಯೋ! ಬೆಳಗಿನ ಚಳಿಗೆ ಕೈಗೆ ಸಿಕ್ಕಿದ್ದನ್ನು ಸುತ್ತಿಕೊಂಡು ಹೊರಟಿದ್ದಳು. ಅದು ಯಾರದೆಂಬುದನ್ನೇ ಮರೆತಿದ್ದಳು.

"ನೀವು ಕಳಿಸಿದ ಗೋಡೆ ಚೂರಿಗೆ ಇದನ್ನ ಸುತ್ತಿದ್ರಿ. ಪೊಟ್ಟಣದ ಬಟ್ಟೆ ಅಂದುಕೊಂಡೆ," ಎಂದಳು, ಕೆಂಪಾದ ಮುಖವನ್ನು ಬೇರೆ ಕಡೆ ತಿರುಗಿಸಿ.

"ಪೊಟ್ಟಣದ ಬಟ್ಟೇನಾ ಕುತ್ತಿಗೆಗೆ ಕಟ್ಕೊಂಡು ತಿರುಗ್ತೀರಾ?"

ಈ ಇಬ್ಬರು ಅಲ್ಲಿಯವರೆಗೆ ಒಬ್ಬರ ಮುಖ ಒಬ್ಬರು ನೋಡಿದವರಲ್ಲ. ಮುಖವನ್ನೇ ನೋಡದೆ ಇಷ್ಟೊಂದು ಹಗೆ ಹೇಗೆ ಬಂತು ಅನ್ನುತ್ತೀರಾ? ಕೇಳಿ.

ಲೋಹವನ್ನೇ ಕಾಣದ ಜನ, ಕಲ್ಲಿನ ಕೊಡಲಿ ಹಿಡಿದು ಬದುಕಿದ ಕಾಲದಲ್ಲಿ ಕಟ್ಟಿಕೊಂಡ ಮನೆಯ ಗೋಡೆ ಅದು. ಮಣ್ಣಿನ ಗೋಡೆಯ ಮೇಲೆ ಒಂದರ ಮೇಲೊಂದರಂತೆ ಬಳಿದ ಏಳು ಪದರ ಗಾರೆ. ಕಣ್ಣಿಗೆ ಏಳೂ ಒಂದೇ ಬೂದು ಬಣ್ಣ. ಆದರೆ ಉತ್ಖನನದ ಮುಖ್ಯಸ್ಥನಾದ ಅವನು ಉಗುರಿನಿಂದ ಗೀರಿದಾಗ, ಮೂರನೆಯ ಪದರ ಮಾತ್ರ ಉದುರಲಿಲ್ಲ. ಅದು ಸುಟ್ಟ ಸುಣ್ಣವೇ ಎಂದು ಅವನ ಮನಸ್ಸು ಹೇಳಿತು.

ಮಣ್ಣು ಕಲಸಿ ಬಳಿಯಲು ಯಾರಿಗಾದರೂ ಬರುತ್ತದೆ. ಸುಣ್ಣಕಲ್ಲನ್ನು ಸುಟ್ಟು, ನೀರಿನಲ್ಲಿ ಅರಳಿಸಿ ಗೋಡೆಗೆ ಬಳಿಯುವುದೆಂದರೆ ಅದು ಕಲಿತು ಮಾಡುವ ವಿದ್ಯೆ. ಅಷ್ಟು ಹಿಂದಿನ ಜನಕ್ಕೆ ಆ ವಿದ್ಯೆ ಬರುತ್ತಿತ್ತೆಂದರೆ, ನೀರಿನ ಪೈಪಿಗಾಗಿ ಆ ಗೋಡೆಯನ್ನು ಒಡೆಯುವ ಧೈರ್ಯ ಯಾರಿಗೂ ಬರುತ್ತಿರಲಿಲ್ಲ.

ಅವನು ಏಳೂ ಪದರ ಸೇರಿದಂತೆ ಅಂಗೈಯಷ್ಟು ಚೂರು ಕತ್ತರಿಸಿ, ಒಡೆಯದಂತೆ ತನ್ನ ಮಫ್ಲರನ್ನೇ ಸುತ್ತಿ ಪ್ರಯೋಗಾಲಯಕ್ಕೆ ಕಳಿಸಿದ. 'ಮೂರನೇ ಪದರ ಮಾತ್ರ ನೋಡಿ' ಎಂದು ಕೇಳಿದ.

ಅವಳು ನೋಡಿದಳು. ಆ ಪದರವನ್ನು ಅಂಟಿನಲ್ಲಿ ಗಟ್ಟಿಮಾಡಿ, ಕೂದಲಿಗಿಂತ ತೆಳ್ಳಗೆ ಉಜ್ಜಿ, ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿದಳು. 'ಮೂರನೇ ಪದರ: ಮಣ್ಣು ಮತ್ತು ಹೊಟ್ಟು. ಸುಣ್ಣದ ಸುಳಿವಿಲ್ಲ' ಎಂದು ವರದಿ ಕೊಟ್ಟಳು.

"ಮಣ್ಣಾಂಗಟ್ಟಿ!" ಎಂದು ಅವನು ಕಿರುಚಿದ್ದು ಇಡೀ ಶಿಬಿರಕ್ಕೆ ಕೇಳಿತ್ತಂತೆ. ಅಲ್ಲಿಗೇ ಬಿಟ್ಟಿದ್ದರೆ ಚೆನ್ನಾಗಿತ್ತು. ಆದರೆ ಅವನು ಸಂಸ್ಥೆಯ ತುಂಬಿದ ಸಭೆಯಲ್ಲಿ, ಅವಳಿಲ್ಲದ ಹೊತ್ತಿನಲ್ಲಿ ಎದ್ದು ನಿಂತು ಹೇಳಿದ: ಮಾದರಿ ಅದಲುಬದಲಾಗಿದೆ. ಬೇರೆ ಯಾವುದೋ ಗೋಡೆಯ ಮಣ್ಣು ನೋಡಿ ನನ್ನ ಗೋಡೆಯ ತೀರ್ಪು ಬರೆದಿದ್ದಾರೆ.

ಪ್ರಯೋಗಾಲಯದಲ್ಲಿ ದುಡಿಯುವವರ ಪಾಲಿಗೆ ಇದಕ್ಕಿಂತ ದೊಡ್ಡ ಬೈಗುಳ ಇಲ್ಲ.

ಈಗ ನಿರ್ದೇಶಕರು ಇಬ್ಬರ ಮುಂದೆ ಒಂದೇ ದಾರಿ ಇಟ್ಟಿದ್ದರು. ಎಲ್ಲರ ಎದುರಿಗೆ ಹೊಸ ಮಾದರಿ ತೆಗೆದು ನಾಳೆಯೇ ಪರೀಕ್ಷಿಸಬೇಕು. ಮಣ್ಣು ಎಂದು ಬಂದರೆ ಹೊಂಡ ಮುಚ್ಚಿ, ಕಾದು ಕುಳಿತಿರುವ ನೀರಿನ ಪೈಪಿನವರಿಗೆ ಜಾಗ ಬಿಡುವುದು. ಸುಣ್ಣ ಎಂದು ಬಂದರೆ ಗೋಡೆ ಉಳಿಯುತ್ತದೆ. ಅವಳ ಕುರ್ಚಿ ಹೋಗುತ್ತದೆ.

ಗೋಡೆ ಅಥವಾ ಅವಳು. ಎರಡರಲ್ಲಿ ಒಂದು!

* * *

ಶಿಬಿರದ ಊಟದ ಮೇಜಿನಲ್ಲಿ ಅವಳಿಗೆ ಸಿಕ್ಕ ಒಂದೇ ನಗುಮುಖ ಅವನ ಅಕ್ಕನದು. ಅಗೆದ ಗೋಡೆಗಳ ಚಿತ್ರ ಬರೆಯುವುದು ಅಕ್ಕನ ಕೆಲಸ. ತಮ್ಮನ ಬಾಯಿ ಮುಚ್ಚಿಸುವುದು ಆಕೆಯ ಹವ್ಯಾಸ.

"ಅಲ್ಲಾ ಕಣೋ, ಇದು ನಾನು ಹೆಣೆದ ಮಫ್ಲರ್! ಕಳೆದುಹೋಯ್ತು ಅಂದಿದ್ದೆ?"

"ಮಾದರಿ ದಾರೀಲಿ ಒಡೀಬಾರದು ಅಂತ..." ಅವನು ತಟ್ಟೆಯಿಂದ ತಲೆಯೆತ್ತಲಿಲ್ಲ.

"ಅಕ್ಕ ಕಣ್ಣು ನೋಯಿಸ್ಕೊಂಡು ಹೆಣೆದಿದ್ದಕ್ಕಿಂತ ಗೋಡೆ ಚೂರು ಹೆಚ್ಚಾಯ್ತು!" ಎಂದು ಅಕ್ಕ ಅವಳ ಕಡೆ ತಿರುಗಿದಳು. "ನೀವೇ ಇಟ್ಕೊಳ್ಳಿ ಮಾರಾಯ್ತಿ, ನಿಮಗೇ ಒಪ್ಪುತ್ತೆ. ಅಂದಹಾಗೆ, ನಿಮ್ಮ ಲ್ಯಾಬಿಗೇ ಕಳಿಸ್ಬೇಕು ಅಂತ ಹಟ ಹಿಡಿದವನೂ ಇವನೇ. ನೀವು ಬರೆದಿದ್ದು ಒಂದೂ ಬಿಡದೆ ಓದಿದ್ದಾನೆ. ಗಾರೆ ವಿಷಯ ಅಂದ್ರೆ ಇವರೊಬ್ಬರೇ ಅಂತ ನನ್ನ ತಲೆ ತಿಂದಿದ್ದ..."

"ಅಕ್ಕಾ!"

ಅವನು ತಟ್ಟೆ ಎತ್ತಿಕೊಂಡು ಎದ್ದೇ ಹೋದ. ಅವಳು ತಟ್ಟೆಯಲ್ಲಿದ್ದ ಅನ್ನವನ್ನು ಸುಮ್ಮನೆ ಕಲಸುತ್ತಾ ಕೂತಳು.

'ಅಷ್ಟು ನಂಬಿದ್ದವನು... ಒಂದು ಮಾತು ನನ್ನನ್ನ ಕೇಳಬಹುದಿತ್ತಲ್ಲ? ನೇರವಾಗಿ ಕಳ್ಳಿ ಮಾಡಿಬಿಟ್ಟನಲ್ಲ!'

ಅವಳಿಗೆ ಕೊಟ್ಟಿದ್ದು ಉಗ್ರಾಣದ ಒಂದು ಮೂಲೆ. ಅಲ್ಲಿ ತಾನು ತಂದಿದ್ದ ಪರೀಕ್ಷೆಯ ಯಂತ್ರ ಬಿಚ್ಚಿಡುತ್ತಿದ್ದಾಗ ಅವನು ಬಾಗಿಲಲ್ಲಿ ಬಂದು ನಿಂತ.

"ನಾನೇ ಆಮ್ಲ ಹಾಕಿ ನೋಡಿದ್ದೀನಿ. ಮೂರನೇ ಪದರದಲ್ಲಿ ಬುಸ್ಸಂತ ನೊರೆ ಬಂತು. ಇದಕ್ಕೇನು ಹೇಳ್ತೀರಾ?"

"ನೊರೆ ಬಂದ ಮಾತ್ರಕ್ಕೆ ಸುಟ್ಟ ಸುಣ್ಣ ಆಗಲ್ಲ. ಹಸಿ ಸುಣ್ಣಕಲ್ಲನ್ನ ಪುಡಿ ಮಾಡಿ ಮಣ್ಣಿಗೆ ಬೆರೆಸಿದ್ರೂ ನೊರೆ ಬರುತ್ತೆ. ಇದು ಓದಿರ್ತೀರಲ್ಲ, ನನ್ನ ಲೇಖನದಲ್ಲೇ ಇದೆ."

ಆ ಕೊನೆಯ ಮಾತಿಗೆ ಅವನ ಕಿವಿ ಕೆಂಪಗಾಯಿತು. ಆದರೂ ಬಿಡಲಿಲ್ಲ. "ನಿಮ್ಮ ರಿಪೋರ್ಟಲ್ಲಿ ಪುಡೀನೂ ಇಲ್ಲ ಅಂದಿದ್ದೀರಿ. ಹಾಗಾದ್ರೆ ನೊರೆ ಎಲ್ಲಿಂದ ಬಂತು? ಆಕಾಶದಿಂದ ಇಳೀತಾ?"

ಹೌದು... ಎಲ್ಲಿಂದ ಬಂತು? ತಾನು ನೋಡಿದ ಪದರದಲ್ಲಿ ಸುಣ್ಣದ ಒಂದು ಕಣವೂ ಇರಲಿಲ್ಲ. ಅವನಿಗೆ ನೊರೆ ಬಂದಿದೆ. ಇಬ್ಬರಲ್ಲಿ ಒಬ್ಬರು ಸುಳ್ಳು ಹೇಳುತ್ತಿರಬೇಕು. ತಾನಂತೂ ಅಲ್ಲ.

"ಗೋಡೆ ಉಳಿಸ್ಬೇಕು ಅಂತ ಆಸೆ ಇದ್ದವರ ಕಣ್ಣಿಗೆ ನೊರೆ ಕಾಣಿಸ್ತದೆ," ಎಂದುಬಿಟ್ಟಳು.

ಅವನು ಬಾಗಿಲನ್ನು ಗೋಡೆ ನಡುಗುವ ಹಾಗೆ ಎಳೆದುಕೊಂಡು ಹೋದ.

* * *

ಸಂಜೆ ಇದ್ದಕ್ಕಿದ್ದಂತೆ ಗಾಳಿ ಎದ್ದಿತು. ಹೊಂಡದ ಮೇಲೆ ಕಟ್ಟಿದ್ದ ಟಾರ್ಪಾಲು ಒಂದು ಕಡೆ ಕಿತ್ತು ಪಟಪಟನೆ ಬಡಿಯತೊಡಗಿತು. ಕೆಲಸದವರೆಲ್ಲ ಮನೆಗೆ ಹೋಗಿದ್ದರು. ಅವನೊಬ್ಬನೇ ಹಗ್ಗ ಹಿಡಿದು ಒದ್ದಾಡುತ್ತಿದ್ದ.

'ನನಗೇನಂತೆ? ಅವನ ಗೋಡೆ, ಅವನ ಟಾರ್ಪಾಲು!'

ಹಾಗೆಂದುಕೊಳ್ಳುತ್ತಲೇ ಅವಳು ಓಡಿ ಹೋಗಿ ಇನ್ನೊಂದು ಹಗ್ಗ ಹಿಡಿದಿದ್ದಳು.

"ಎಳೀರಿ! ಆ ಗೂಟಕ್ಕೆ ಸುತ್ತಿ! ಅಲ್ಲ, ಆ ಕಡೆ!"

"ಕೂಗಬೇಡಿ, ಕಿವಿ ಕೇಳ್ಸುತ್ತೆ ನಂಗೆ!"

ಟಾರ್ಪಾಲು ನಿಂತಿತು. ಇಬ್ಬರೂ ಹೊಂಡಕ್ಕಿಳಿದು, ಏದುಸಿರು ಬಿಡುತ್ತಾ ಗೋಡೆಯ ಪಕ್ಕ ಕುಸಿದು ಕೂತರು. ಅವನು ಗೋಡೆಯ ಮೇಲೆ ಹಾರಿ ಬಿದ್ದಿದ್ದ ಎಲೆಗಳನ್ನು ಒಂದೊಂದಾಗಿ ತೆಗೆದ. ಅವನ ಬೆರಳ ತುದಿಗಳೆಲ್ಲ ಒಡೆದಿದ್ದನ್ನು ಅವಳು ನೋಡಿದಳು.

"ಏಳು ಸಲ ಬಳಿದಿದ್ದಾರೆ," ಎಂದ ಅವನು, ತನ್ನಷ್ಟಕ್ಕೆ ತಾನೇ ಎಂಬಂತೆ. "ಮನೆ ಹಳೇದಾಯ್ತು, ಬಿಟ್ಟು ಹೋಗೋಣ ಅಂತ ಏಳು ಸಲವೂ ಅನ್ನಿಸಿರಬೇಕು. ಏಳು ಸಲವೂ ಬೇಡ, ಇಲ್ಲೇ ಇರೋಣ ಅಂತ ಮತ್ತೆ ಬಳಿದಿದ್ದಾರೆ. ಪೈಪ್ ಹಾಕೋಕೆ ಇದನ್ನ ಒಡೆದುಹಾಕ್ತಾರಲ್ಲ..."

ಅವಳ ಎದೆ ಕರಗಿತು. ಎಷ್ಟೋ ಗೋಡೆಗಳ ಗಾರೆ ನೋಡಿದ್ದಳು. ಹೀಗೆ ಒಂದು ದಿನವೂ ಯೋಚಿಸಿರಲಿಲ್ಲ.

ಅವನೇ ಅದನ್ನು ಕೆಡಿಸಿದ. "ನಿಮಗೆಲ್ಲಿ ಅರ್ಥ ಆಗಬೇಕು ಬಿಡಿ. ನಿಮಗೆ ಇದು ಮಣ್ಣು ಮತ್ತು ಹೊಟ್ಟು!"

"ಒಂದು ಮಾತು ಕೇಳ್ತೀನಿ." ಅವಳು ಅವನ ಕಡೆ ತಿರುಗಿದಳು. "ನಾನು ಮಾದರಿ ಅದಲುಬದಲು ಮಾಡಿದ್ದೀನಿ ಅಂತ ನೀವು ನಿಜವಾಗ್ಲೂ ನಂಬಿದ್ದೀರಾ?"

ಅವನು ಕೈಯಲ್ಲಿದ್ದ ಎಲೆಯನ್ನು ಚೂರುಚೂರು ಮಾಡಿದ.

"ನಂಬೋಕೆ ಇಷ್ಟ ಇರಲಿಲ್ಲ," ಎಂದ ಕಡೆಗೆ. "ಬೇರೆ ದಾರಿ ಕಾಣಲಿಲ್ಲ."

"ಕೇಳೋ ದಾರಿ ಇತ್ತು!" ಅವಳು ಎದ್ದು ನಿಂತಳು. ಕಣ್ಣೀರು ಅವನಿಗೆ ಕಾಣಿಸಬಾರದೆಂದು ಮಫ್ಲರ್ ಕಿತ್ತು ಅವನ ಮಡಿಲಿಗೆ ಎಸೆದಳು. "ತಗೊಳ್ಳಿ. ನಿಮ್ಮ ವಸ್ತು ಯಾವುದೂ ನನಗೆ ಬೇಡ!"

* * *

ಮರುದಿನ ಬೆಳಿಗ್ಗೆ ಹೊಂಡದ ಸುತ್ತ ಎಲ್ಲರೂ ಸೇರಿದ್ದರು. ನಿರ್ದೇಶಕರು ಏಣಿ ಇಳಿದು ಬಂದವರೇ ಜೇಬಿನಿಂದ ಎರಡು ಗುಂಡುಪಿನ್ನು ತೆಗೆದರು. ಒಂದರ ತಲೆ ಕೆಂಪು, ಇನ್ನೊಂದರದು ನೀಲಿ.

"ನೋಡಿ, ಆಮೇಲೆ 'ನಾನು ಹೇಳಿದ್ದು ಅಲ್ಲಿಂದಲ್ಲ' ಅಂತ ತಕರಾರು ಬರಬಾರದು. ಇಬ್ಬರೂ ಮೂರನೇ ಪದರಕ್ಕೆ ಪಿನ್ನು ಚುಚ್ಚಿ. ಅಲ್ಲಿಂದಲೇ ಮಾದರಿ ತೆಗೆಯೋದು."

"ಇದರಲ್ಲೇನಿದೆ ತಕರಾರು!" ಇಬ್ಬರೂ ಒಟ್ಟಿಗೇ ಅಂದರು. ಒಟ್ಟಿಗೇ ಅಂದಿದ್ದಕ್ಕೆ ಇಬ್ಬರಿಗೂ ಸಿಟ್ಟು ಬಂತು.

ಗೋಡೆಯ ಮುರಿದ ಅಂಚಿನಲ್ಲಿ ಏಳು ಪದರವೂ ಕತ್ತರಿಸಿದ ಈರುಳ್ಳಿಯಂತೆ ಸಾಲಾಗಿ ಕಾಣುತ್ತಿದ್ದವು. ಅವಳು ಕೆಂಪು ಪಿನ್ನು ಚುಚ್ಚಿದಳು. ಅವನು ನೀಲಿ ಪಿನ್ನು ಒತ್ತಿದ.

ನಿರ್ದೇಶಕರು ಬಗ್ಗಿ ನೋಡಿದರು.

ಎರಡು ಪಿನ್ನುಗಳು ಎರಡು ಬೇರೆ ಪದರಗಳಲ್ಲಿ ನಿಂತಿದ್ದವು!

"ಅದು ಮೂರನೇದಲ್ಲ!" ಎಂದ ಅವನು.

"ಅದು ಅಲ್ಲ!" ಎಂದಳು ಅವಳು. "ಎಣಿಸೋಕೂ ಬರಲ್ವಾ? ಗೋಡೆ ಇಲ್ಲಿದೆ. ಇದರ ಮೇಲೆ ಮೊದಲು ಬಳಿದಿದ್ದು ಒಂದನೇದು. ಆಮೇಲೆ ಎರಡು. ಇದು ಮೂರು."

"ಅದು ಹೇಗೆ? ಹೊರಗಡೆಯಿಂದ ಅಗೀತಾ ಬರ್ತೀವಿ. ಮೊದಲು ಸಿಗೋದು ಒಂದು, ಆಮೇಲೆ ಎರಡು, ಮೂರು..."

ಅವನ ಮಾತು ಅಲ್ಲೇ ನಿಂತಿತು.

ಅವಳ ಬೆರಳೂ ಗಾಳಿಯಲ್ಲೇ ನಿಂತಿತು.

ಗಾರೆಯನ್ನು ಪರೀಕ್ಷಿಸುವವಳು ಕಟ್ಟಿದ ಕ್ರಮದಲ್ಲಿ ಎಣಿಸುತ್ತಾಳೆ. ಗೋಡೆಗೆ ಮೊದಲು ಬಳಿದದ್ದು ಅವಳಿಗೆ ಮೊದಲನೆಯದು. ನೆಲ ಅಗೆಯುವವನು ಸಿಕ್ಕಿದ ಕ್ರಮದಲ್ಲಿ ಎಣಿಸುತ್ತಾನೆ. ಅವನಿಗೆ ಮೊದಲು ಸಿಕ್ಕಿದ್ದು ಮೊದಲನೆಯದು. ಅವಳ ಒಂದು ಅವನ ಏಳು, ಅವನ ಮೂರು ಅವಳ ಐದು! ಇಷ್ಟು ದಿನ ಒಂದೇ ಗೋಡೆಯ ಎರಡು ಬೇರೆ ಪದರ ಹಿಡಿದುಕೊಂಡು ಇಬ್ಬರೂ ಒಬ್ಬರನ್ನೊಬ್ಬರು ಸುಳ್ಳರೆಂದು ಬೈದಿದ್ದರು.

"ಹಾಗಾದ್ರೆ ನಾನು ನೋಡಿದ್ದು..." ಅವಳ ಸ್ವರ ಇಳಿಯಿತು.

"ನಾನು ಕೇಳಿದ ಪದರ ಅಲ್ಲ. ನೀವು ನೋಡಿದ್ದು ನಿಜವಾಗ್ಲೂ ಮಣ್ಣೇ." ಅವನ ಮುಖ ಬಿಳಿಚಿಕೊಂಡಿತ್ತು. "ನಾನು... ಸಭೆಯಲ್ಲಿ... ದೇವರೇ!"

ಮೇಲಿನಿಂದ ಅಕ್ಕ ಕಿಸಕ್ಕನೆ ನಕ್ಕಿದ್ದು ಕೇಳಿಸಿತು. ಹೊಂಡದೊಳಗೆ ಮಾತ್ರ ಯಾರಿಗೂ ನಗು ಬರಲಿಲ್ಲ.

"ಸರ್," ಅವಳು ನಿರ್ದೇಶಕರ ಕಡೆ ತಿರುಗಿದಳು. "ಪರೀಕ್ಷೆ ಇನ್ನೂ ಮುಗಿದಿಲ್ಲ. ಅವರ ಪದರ ಸುಣ್ಣ ಹೌದೋ ಅಲ್ಲವೋ ಈಗ ನೋಡೋಣ. ಗೋಡೆಗೆ ಅದೊಂದೇ ಆಸರೆ."

ಉಗ್ರಾಣದ ಮೂಲೆಯಲ್ಲಿ ಎಲ್ಲರೂ ಕತ್ತು ಚಾಚಿ ನಿಂತರು. ನೀಲಿ ಪಿನ್ನಿನ ಪದರದಿಂದ ಕೆರೆದ ಚಿಟಿಕೆ ಪುಡಿಯನ್ನು ಅವಳು ಯಂತ್ರದಲ್ಲಿಟ್ಟಳು. ಪರದೆಯ ಮೇಲೆ ಒಂದು ಗೆರೆ ಏರಿತು, ಇಳಿಯಿತು, ಮತ್ತೆ ಏರಿತು. ಅದೇ ಪದರದ ಒಂದು ಹರಳನ್ನು ಒಡೆದು ಮಸೂರದ ಕೆಳಗಿಟ್ಟಳು. ಬಗ್ಗಿ ನೋಡಿದಳು...

ಅವನು ಎರಡೂ ಕೈ ಬಿಗಿದು ನಿಂತಿದ್ದ.

"ಬನ್ನಿ," ಎಂದಳು ಕಡೆಗೆ. "ನೀವೇ ನೋಡಿ."

ಅವನು ಬಗ್ಗಿದ. ಬೆಳ್ಳಗಿನ ಒಂದು ಪುಟ್ಟ ಉಂಡೆ. ಹೊರಗೆಲ್ಲ ಹಿಟ್ಟಿನಂಥ ಸುಣ್ಣ. ನಡುವೆ ಬೇಯದೆ ಉಳಿದ ಕಲ್ಲು.

"ಅರ್ಧ ಬೆಂದ ಸುಣ್ಣಕಲ್ಲು," ಎಂದಳು ಅವಳು. "ಒಲೆ ಕಾಣದ ಸುಣ್ಣದಲ್ಲಿ ಇದು ಸಿಗೋದೇ ಇಲ್ಲ. ಆ ಗೆರೆಯೂ ಅದನ್ನೇ ಹೇಳ್ತಿದೆ. ಊರಿಗೆ ಹೋಗಿ ತೆಳ್ಳಗೆ ಉಜ್ಜಿ ಮತ್ತೊಮ್ಮೆ ಖಾತ್ರಿ ಮಾಡ್ತೀನಿ. ಆದ್ರೆ ಸರ್, ಇವತ್ತೇ ಹೇಳ್ತೀನಿ. ಇದು ಸುಟ್ಟ ಸುಣ್ಣ. ಪೈಪಿನವರಿಗೆ ಬೇರೆ ದಾರಿ ಹುಡುಕೋಕೆ ಹೇಳಿ."

ಹೊರಗೆ ಕೆಲಸದವರು ಹೋ ಎಂದು ಕೂಗಿದರು. ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅವನು ಮಾತ್ರ ನಗಲಿಲ್ಲ.

"ಸರ್, ಸಂಸ್ಥೆಗೆ ಫೋನ್ ಮಾಡಿ. ಸ್ಪೀಕರಲ್ಲಿ ಹಾಕಿ," ಎಂದ. ಆ ಕಡೆಯಿಂದ ಸಂಸ್ಥೆಯ ಹಿರಿಯರ ಧ್ವನಿ ಬಂದ ಕೂಡಲೇ ಎಲ್ಲರಿಗೂ ಕೇಳುವ ಹಾಗೆ ಹೇಳಿದ. "ಅವತ್ತು ಸಭೇಲಿ ನಾನು ಹೇಳಿದ್ದು ತಪ್ಪು. ಮಾದರಿ ಅದಲುಬದಲಾಗಿಲ್ಲ. ಅವರು ನೋಡಿದ್ದು ಸರಿ, ಬರೆದಿದ್ದು ಸರಿ. ಯಾವ ಕಡೆಯಿಂದ ಎಣಿಸ್ತೀರಿ ಅಂತ ಒಂದು ಮಾತು ಕೇಳೋ ಬದಲು, ನಾನು ಅವರ ಮರ್ಯಾದೆ ತೆಗೆದೆ. ಮುಂದಿನ ಸಭೇಲಿ ಎಲ್ಲರೆದುರಿಗೆ ಬಂದು ಇದನ್ನೇ ಹೇಳ್ತೀನಿ."

ಅವಳು ಒಂದೊಂದು ಮಾತನ್ನೂ ಕೇಳಿಸಿಕೊಂಡಳು. ಆದರೆ ಸಿಟ್ಟು ಎಂಬುದು ಅಷ್ಟು ಬೇಗ ಇಳಿಯುವ ವಸ್ತುವಲ್ಲ. ಎಲ್ಲರೂ ಅವನ ಬೆನ್ನು ತಟ್ಟುತ್ತಿದ್ದಾಗ ಅವಳು ಸದ್ದಿಲ್ಲದೆ ಯಂತ್ರ ಪೆಟ್ಟಿಗೆಗೆ ಹಾಕಿದಳು.

* * *

ಹೊರಡುವ ಮೊದಲು ಕೆಂಪು ಪಿನ್ನು ನೆನಪಾಯಿತು. ಪಿನ್ನಿನ ನೆಪವೋ, ಗೋಡೆಯ ನೆಪವೋ... ಅವಳು ಏಣಿ ಇಳಿದಳು.

ಅವನು ಅಲ್ಲೇ ಕೂತಿದ್ದ. ಮಡಿಲಲ್ಲಿ ಹಸಿರು ಮಫ್ಲರ್.

"ಕ್ಷಮಿಸಿ ಅಂತ ಕೇಳೋ ಮುಖ ಇಲ್ಲ ನಂಗೆ," ಎಂದ.

"ಕೇಳಬೇಡಿ. ನಾನೂ ಬೆಪ್ಪುತಕ್ಕಡಿಯೇ. ಇಡೀ ಚೂರು ನನ್ನ ಕೈಯಲ್ಲಿತ್ತು. ಪಕ್ಕದ ಪದರ ಏನು ಅಂತ ಒಂದು ಸಲ ಇಣುಕಿ ನೋಡಲಿಲ್ಲ." ಅವಳು ಸ್ವಲ್ಪ ದೂರದಲ್ಲಿ ಕೂತಳು. "ಆದ್ರೂ ನಿಮ್ಮ ಮೇಲೆ ಸಿಟ್ಟಿದೆ. ಬೇಕಾದಷ್ಟಿದೆ. ಆ ಸುಣ್ಣದುಂಡೆ ನೋಡಿದ್ರಲ್ಲ, ಥೇಟ್ ನೀವೇ. ಹೊರಗೆಲ್ಲ ಬೆಂದಿದೆ, ಒಳಗೆ ಇನ್ನೂ ಕಲ್ಲು."

"ಒಳಗೆ ಕಲ್ಲಿದ್ದಿದ್ರೆ..." ಅವನು ನೆಲ ನೋಡುತ್ತಾ ಹೇಳಿದ. "ನಿಮ್ಮ ರಿಪೋರ್ಟ್ ಬಂದ ದಿನ ಅಷ್ಟು ನೋವಾಗ್ತಿರಲಿಲ್ಲ. ನಿಮ್ಮ ಬರಹ ಓದ್ತಾ ಓದ್ತಾ... ಮುಖ ನೋಡದೇ ಇದ್ರೂ... ನೀವು ನನ್ನ ಕಡೆಯವರು ಅಂದುಕೊಂಡಿದ್ದೆ. ನೀವೇ ಮಣ್ಣು ಅಂದಾಗ ತಡ್ಕೊಳ್ಳೋಕೆ ಆಗಲಿಲ್ಲ."

ಅವಳು ಅವನ ಮಡಿಲಲ್ಲಿದ್ದ ಮಫ್ಲರ್ ನೋಡಿದಳು. ಯಾಕೆ ತಾನು ಇಷ್ಟು ದಿನ ಆ ಮಫ್ಲರನ್ನು ಎಸೆಯಲಿಲ್ಲ? ಯಾಕೆ ಚಳಿ ಇಲ್ಲದ ದಿನವೂ ಅದು ತನ್ನ ಕುರ್ಚಿಯ ಮೇಲೇ ಇತ್ತು? ಉತ್ತರ ಗೊತ್ತಿತ್ತು. ಒಪ್ಪಿಕೊಳ್ಳಲು ಸಿಟ್ಟು ಬಿಟ್ಟಿರಲಿಲ್ಲ.

"ಪೊಟ್ಟಣದ ಬಟ್ಟೆ ಅಂತ ಸುಳ್ಳು ಹೇಳಿದೆ," ಎಂದಳು ಮೆಲ್ಲಗೆ. "ಮಾದರಿ ಒಡೀಬಾರದು ಅಂತ ಸ್ವಂತ ಮಫ್ಲರ್ ಸುತ್ತೋ ಮನುಷ್ಯ ಹೇಗಿರ್ತಾನೋ ಅಂತ... ಬಿಡಿ. ಪಿನ್ನು ತಗೊಂಡು ಹೊರಡ್ತೀನಿ."

ಅವಳು ಗೋಡೆಯ ಕಡೆ ಕೈ ಚಾಚಿದಳು. ಕೆಂಪು ಪಿನ್ನು ಅವಳ ಮೂರನೆಯದರಲ್ಲಿ, ನೀಲಿ ಪಿನ್ನು ಅವನ ಮೂರನೆಯದರಲ್ಲಿ. ನಡುವೆ ಒಂದೇ ಒಂದು ಪದರ.

"ಒಂದ್ನಿಮಿಷ." ಅವನು ಆ ನಡುವಿನ ಪದರದ ಮೇಲೆ ಬೆರಳಿಟ್ಟ. "ಇದು ನಿಮ್ಮ ಲೆಕ್ಕದಲ್ಲಿ ಎಷ್ಟನೇದು?"

ಅವಳು ಎಣಿಸಿದಳು. "ನಾಲ್ಕು."

"ನನ್ನ ಲೆಕ್ಕದಲ್ಲೂ ನಾಲ್ಕೇ."

ಅವಳಿಗೆ ನಗು ಬಂತು. ತಡೆಯಲು ನೋಡಿದಳು, ಆಗಲಿಲ್ಲ. ನಗುನಗುತ್ತಲೇ ಕಣ್ಣು ತುಂಬಿತು.

"ಇದನ್ನ ಇನ್ನೂ ಯಾರೂ ಪರೀಕ್ಷೆ ಮಾಡಿಲ್ಲ," ಎಂದ ಅವನು. "ಮಣ್ಣೋ ಸುಣ್ಣವೋ ಗೊತ್ತಿಲ್ಲ."

"ಅದಕ್ಕೆ ಸಮಯ ಬೇಕು. ಅವಸರ ಮಾಡಿದ್ರೆ ಕೆಡುತ್ತೆ."

ಅವನು ಮಫ್ಲರ್ ಬಿಡಿಸಿ, ಹೆದರುತ್ತಾ ಹೆದರುತ್ತಾ ಅವಳ ಕುತ್ತಿಗೆಗೆ ಸುತ್ತಿದ. ಅವಳು ತೆಗೆದು ಎಸೆಯಲಿಲ್ಲ.

"ಹಾಗಾದ್ರೆ ಇಲ್ಲೇ ಇರು..."

"ಏನಂದ್ರಿ? ಇರು ಅಂದ್ರಾ? ಇರಿ ಅಲ್ವಾ?"

"ಅಯ್ಯೋ... ಬಾಯಿ ತಪ್ಪಿತು."

ಅವಳು ಅವನ ಒಡೆದ ಬೆರಳುಗಳನ್ನು ತನ್ನ ಕೈಯೊಳಗೆ ತೆಗೆದುಕೊಂಡಳು.

"ಇನ್ನೊಂದು ಸಲ ತಪ್ಪಲಿ."

"ಇರು," ಎಂದ ಅವನು.